ಓದುಗರ ಪ್ರಶ್ನೆ, ನಮ್ಮ ಉತ್ತರ: ಕಠ್ಮಂಡುವಿಗೆ ಹೋಗುವುದು ಹೇಗೆ, ಎಲ್ಲಿ ಉಳಿಯುವುದು?

ಈ ಸಲ ಬಂದ ಪ್ರವಾಸದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಠ್ಮಂಡುವಿನವೇ. ಪಶುಪತಿನಾಥನ ದರ್ಶನಕ್ಕೆ ಹೊರಟವರು, ಮುಕ್ತಿನಾಥದ ದಾರಿ ಹುಡುಕುತ್ತಿರುವವರು, ದಸರೆ ರಜೆಗೆ ಮಕ್ಕಳನ್ನು ಕರೆದೊಯ್ಯಲು ಯೋಚಿಸುತ್ತಿರುವವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಮೊದಲೇ ಒಂದು ಮಾತು: ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟಗಳಿರುವ ಕಣಿವೆಯ ನಗರ. ಒಳಬರುವ ರಸ್ತೆಗಳು ಬೆರಳೆಣಿಕೆಯಷ್ಟು, ವಿಮಾನ ನಿಲ್ದಾಣಕ್ಕೆ ರನ್‌ವೇ ಒಂದೇ. ಪ್ರಯಾಣದಲ್ಲಿ ಆಗುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಆಗುತ್ತವೆ.

ಪ್ರಶ್ನೆ: ನಾವು ಆರು ಜನ. ಅಪ್ಪನಿಗೆ 72, ಅಮ್ಮನಿಗೆ 66, ಮಗಳಿಗೆ 9 ವರ್ಷ. ಯಾರ ಬಳಿಯೂ ಪಾಸ್‌ಪೋರ್ಟ್ ಇಲ್ಲ. ಆಧಾರ್ ಕಾರ್ಡ್ ಇಟ್ಟುಕೊಂಡು ವಿಮಾನ ಹತ್ತಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ಗುರುತಿನ ಚೀಟಿಯ ವಿಷಯದಲ್ಲಿ ವಿಮಾನದವರು ಕಟ್ಟುನಿಟ್ಟು. ದೊಡ್ಡವರಿಗೆ ಎರಡರಲ್ಲಿ ಒಂದು ಇರಲೇಬೇಕು: ಅವಧಿ ಮುಗಿಯದ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ. ಆಧಾರ್, ಪ್ಯಾನ್, ಚಾಲನಾ ಪರವಾನಗಿ ದೊಡ್ಡವರಿಗೆ ನಡೆಯುವುದಿಲ್ಲ. 65 ದಾಟಿದವರಿಗೂ 15ಕ್ಕಿಂತ ಚಿಕ್ಕವರಿಗೂ ಈ ಷರತ್ತಿನಿಂದ ವಿನಾಯಿತಿ ಇದೆ. ವಯಸ್ಸು ಮತ್ತು ಗುರುತು ತೋರಿಸುವ, ಫೋಟೊ ಇರುವ ದಾಖಲೆ ಇದ್ದರೆ ಅವರಿಗೆ ಸಾಕು, ಅಲ್ಲಿ ಆಧಾರ್ ನಡೆಯುತ್ತದೆ. ಹೀಗಾಗಿ ನಿಮ್ಮ ತಂದೆ, ತಾಯಿ, ಮಗಳಿಗೆ ತೊಂದರೆ ಇಲ್ಲ. ಉಳಿದ ಮೂವರು ಮತದಾರರ ಚೀಟಿಯ ಮೂಲ ಪ್ರತಿಯನ್ನೇ ಒಯ್ಯಿರಿ. ಮೊಬೈಲಿನಲ್ಲಿರುವ ಫೋಟೊ ನಂಬಿ ಹೊರಡಬೇಡಿ. 15ರಿಂದ 18ರೊಳಗಿನ ಮಕ್ಕಳಿದ್ದರೆ ಶಾಲೆಯ ಪ್ರಾಂಶುಪಾಲರ ಸಹಿ, ಮೊಹರು, ಫೋಟೊ ಇರುವ ಗುರುತಿನ ಪತ್ರ ಬೇಕು. ಬೇಸಿಗೆ ರಜೆಯಲ್ಲಿ ಹೋಗುವವರು ಶಾಲೆ ಮುಚ್ಚುವ ಮೊದಲೇ ಅದನ್ನು ಮಾಡಿಸಿಕೊಳ್ಳಬೇಕು.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಮತದಾರರ ಚೀಟಿಯಲ್ಲಿ ಹೆಸರಿನ ಜೊತೆ ಊರಿನ ಅಕ್ಷರ, ತಂದೆಯ ಅಕ್ಷರ ಮಾತ್ರ ಇರುತ್ತದೆ. ಆಧಾರ್‌ನಲ್ಲಿ ಅದೇ ಬಿಡಿಸಿ ಬರೆದಿರುತ್ತದೆ. ಟಿಕೆಟ್ ಮಾಡುವಾಗ ಆಧಾರ್ ನೋಡಿ ಹೆಸರು ತುಂಬಿ, ವಲಸೆ ಕೌಂಟರಿನಲ್ಲಿ ಮತದಾರರ ಚೀಟಿ ಕೊಟ್ಟರೆ ಎರಡೂ ತಾಳೆಯಾಗುವುದಿಲ್ಲ. ಯಾವ ಚೀಟಿ ಒಯ್ಯುತ್ತೀರೋ ಅದರಲ್ಲಿರುವಂತೆಯೇ, ಅಕ್ಷರ ಬಿಡದೆ, ಟಿಕೆಟ್‌ನಲ್ಲಿ ಹೆಸರು ಇರಲಿ. ಹಳೆಯ ಚೀಟಿಯಲ್ಲಿ ಫೋಟೊ ಮಾಸಿ ಮುಖ ಗೊತ್ತಾಗದಂತಿದ್ದರೆ ಹೊಸ ಚೀಟಿಗೆ ಅರ್ಜಿ ಹಾಕಿ. ಅದು ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸುವುದು ಒಳ್ಳೆಯದು.

ಭೂಮಾರ್ಗದ ಗಡಿಯಲ್ಲಿ ಇಷ್ಟು ಬಿಗಿ ಇರುವುದಿಲ್ಲ. ಎಷ್ಟೋ ಸಲ ಯಾರೂ ಕೇಳುವುದೂ ಇಲ್ಲ. ಹಾಗೆಂದು ಚೀಟಿ ಬಿಟ್ಟು ಹೋಗಬೇಡಿ. ಹೋಟೆಲ್ ನೋಂದಣಿಗೆ, ನೇಪಾಳದೊಳಗಿನ ವಿಮಾನದಲ್ಲಿ ಭಾರತೀಯರ ದರ ಪಡೆಯಲು, ಕಣಿವೆಯ ಹಳೆಯ ಪಟ್ಟಣಗಳಾದ ಭಕ್ತಪುರ ಮತ್ತು ಪಾಟನ್‌ನ ಪ್ರವೇಶ ಟಿಕೆಟ್‌ನಲ್ಲಿ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರ ಕಡಿಮೆ ದರ ಪಡೆಯಲು ಅದೇ ಬೇಕು.

ಪ್ರಶ್ನೆ: ವಿಮಾನದಲ್ಲಿ ಹೋಗುವುದು ಸರಿಯೋ, ಗೋರಖ್‌ಪುರದವರೆಗೆ ರೈಲು ಹಿಡಿದು ಅಲ್ಲಿಂದ ಬಸ್ಸಿನಲ್ಲಿ ಹೋಗುವುದು ಸರಿಯೋ? ಖರ್ಚು ಕಡಿಮೆಯಾಗಬೇಕು, ಆದರೆ ಮೈಕೈ ನೋವಿನಲ್ಲಿ ಎರಡು ದಿನ ಕಳೆಯಲು ಇಷ್ಟವಿಲ್ಲ.
— ಹುಬ್ಬಳ್ಳಿಯ ಓದುಗರು

ಉತ್ತರ: ಹಾಗಾದರೆ ಹೋಗುವಾಗಲೋ ಬರುವಾಗಲೋ ಒಂದು ಕಡೆಯಾದರೂ ವಿಮಾನ ಇರಲಿ.

ಬೆಂಗಳೂರಿನಿಂದ ನೇರ ವಿಮಾನಕ್ಕೆ ಮೂರು ಗಂಟೆಯ ಆಸುಪಾಸು ಹಿಡಿಯುತ್ತದೆ. ವಾರದಲ್ಲಿ ಎಷ್ಟು ದಿನ, ಯಾವ ವೇಳೆ ಎಂಬುದು ಋತುವಿನಿಂದ ಋತುವಿಗೆ ಬದಲಾಗುವುದರಿಂದ ಹೋಟೆಲ್‌ಗಿಂತ ಮೊದಲು ವಿಮಾನವನ್ನೇ ಗಟ್ಟಿ ಮಾಡಿಕೊಳ್ಳಿ. ದೆಹಲಿಯಿಂದ ದಿನಕ್ಕೆ ಹಲವು ವಿಮಾನಗಳಿವೆ, ಒಂದೂಮುಕ್ಕಾಲು ಗಂಟೆಯ ಹಾದಿ. ದೆಹಲಿಯಿಂದ ಹೋಗುವಾಗ ಎಡಗಡೆಯ ಕಿಟಕಿ, ಬರುವಾಗ ಬಲಗಡೆಯ ಕಿಟಕಿ ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಹಿಮಶಿಖರಗಳ ಸಾಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಾಣುತ್ತದೆ.

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ವಿಮಾನ ಬೇಡ. ರಾತ್ರಿ ಬೆಟ್ಟಗಳಿಂದ ಇಳಿದ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ನಿಂತು ಮಂಜು ಕಟ್ಟುತ್ತದೆ. ಬಿಸಿಲೇರಿ ಅದು ಕರಗುವಷ್ಟರಲ್ಲಿ ಒಂಬತ್ತೋ ಹತ್ತೋ ಗಂಟೆ. ಅಲ್ಲಿಯವರೆಗೆ ಇಳಿಯಬೇಕಾದ ವಿಮಾನಗಳೆಲ್ಲ ಮೇಲೆ ಸುತ್ತು ಹಾಕುತ್ತವೆ. ಇಂಧನ ಸಾಲದಿದ್ದರೆ ಲಖನೌ, ದೆಹಲಿ, ಕೋಲ್ಕತ್ತದ ಕಡೆ ತಿರುಗುತ್ತವೆ. ಒಂದೇ ರನ್‌ವೇ ಆದ್ದರಿಂದ ಬೆಳಗಿನ ವಿಳಂಬ ಸಂಜೆಯವರೆಗೂ ಸರಪಳಿಯಾಗಿ ಎಳೆಯುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ 12ರಿಂದ 3ರೊಳಗೆ ಇಳಿಯುವ ವಿಮಾನ ನೋಡಿ. ಹಿಂದಿರುಗುವಾಗ ದೆಹಲಿಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಬೇರೆ ಟಿಕೆಟ್ ಮಾಡಿದ್ದರೆ ನಡುವೆ ಕನಿಷ್ಠ ಐದು ಗಂಟೆ ಬಿಡಿ. ದೆಹಲಿಯಲ್ಲಿ ವಲಸೆ ತಪಾಸಣೆ ಮುಗಿಸಿ, ಲಗೇಜ್ ಬಿಡಿಸಿಕೊಂಡು, ಮತ್ತೆ ಚೆಕ್‌ಇನ್ ಮಾಡಬೇಕು. ಎರಡು ಬೇರೆ ಬೇರೆ ಟಿಕೆಟ್ ಇದ್ದಾಗ ಮೊದಲ ವಿಮಾನ ತಡವಾದರೆ ಎರಡನೆಯವರಿಗೆ ಅದರ ಹೊಣೆ ಇಲ್ಲ. ಸಾಧ್ಯವಿದ್ದರೆ ಒಂದೇ ಪಿಎನ್‌ಆರ್‌ನಲ್ಲಿ ಎರಡೂ ವಿಮಾನ ಮಾಡಿಸಿ.

ಇನ್ನು ನೆಲದ ದಾರಿ. ಬೆಂಗಳೂರಿನಿಂದ ಗೋರಖ್‌ಪುರಕ್ಕೆ ವಾರದಲ್ಲಿ ಕೆಲವು ದಿನ ರೈಲು ಇದೆ, ಸುಮಾರು ಎರಡು ದಿನದ ಪ್ರಯಾಣ. ಅಲ್ಲಿಂದ ಸುನೌಲಿ ಗಡಿಗೆ 100 ಕಿ.ಮೀ.ನಷ್ಟು, ಬಸ್ಸಿನಲ್ಲಿ ಮೂರು ಗಂಟೆ. ಗಡಿಯನ್ನು ನಡೆದೇ ದಾಟಬಹುದು. ಆಚೆ ಬೆಲಹಿಯಾ, ಅದಕ್ಕೆ ಅಂಟಿಕೊಂಡಂತೆ ಭೈರಹವಾ ಪಟ್ಟಣ. ಅಲ್ಲಿಂದ ಕಠ್ಮಂಡು 270 ಕಿ.ಮೀ. ಚಿಲ್ಲರೆ. ಬಸ್ಸಿಗೆ 8ರಿಂದ 10 ಗಂಟೆ ಎನ್ನುತ್ತಾರೆ. ಬುಟವಲ್ ಮತ್ತು ನಾರಾಯಣಗಢದ ನಡುವಿನ ರಸ್ತೆ ಅಗಲೀಕರಣ ವರ್ಷಗಳಿಂದ ಎಳೆಯುತ್ತಿರುವುದರಿಂದ 12 ಗಂಟೆಯೂ ಆಗಬಹುದು.

ಇಲ್ಲಿ ಎರಡು ಎಚ್ಚರಿಕೆ. ಗೋರಖ್‌ಪುರ ನಿಲ್ದಾಣದ ಹೊರಗೆ “ನೇರ ಕಠ್ಮಂಡು, ಎಸಿ ಬಸ್” ಎಂದು ಮಾರುವ ಟಿಕೆಟ್ ಕೊಳ್ಳಬೇಡಿ. ಅದು ಗಡಿಯವರೆಗೆ ಒಂದು ಬಸ್ಸು, ಆಮೇಲೆ ಮತ್ತೊಂದು. ಆಚೆ ಬದಿಯ ಬಸ್ಸಿನವನು ನಿಮ್ಮ ಚೀಟಿ ಒಪ್ಪದಿದ್ದರೆ ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಗಡಿ ದಾಟಿ ಭೈರಹವಾದಲ್ಲೇ ಟಿಕೆಟ್ ಕೊಳ್ಳಿ. ಇನ್ನೊಂದು, ನೇಪಾಳದ ಬಸ್ ಟಿಕೆಟ್ಟಿನಲ್ಲಿ ದಿನಾಂಕ ವಿಕ್ರಮ ಶಕೆಯ ಲೆಕ್ಕದಲ್ಲಿರುತ್ತದೆ. ಅದು ನಮ್ಮ ಲೆಕ್ಕಕ್ಕಿಂತ ಸುಮಾರು 57 ವರ್ಷ ಮುಂದೆ. ತಿಂಗಳೂ ಬೇರೆ, ತಾರೀಖೂ ಬೇರೆ. ಮುಂಗಡ ಟಿಕೆಟ್ ಮಾಡಿಸುವಾಗ ವಾರ ಯಾವುದೆಂದು ಬಾಯಿ ಬಿಟ್ಟು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ.

ಬಿಹಾರದ ರಕ್ಸೌಲ್ ಕಡೆಯಿಂದ ಹೋಗುವವರು ಬೀರ್‌ಗಂಜ್‌ಗೆ ದಾಟುತ್ತಾರೆ. ಅಲ್ಲಿಂದ ದೊಡ್ಡ ಬಸ್ಸುಗಳು ನಾರಾಯಣಗಢ, ಮುಗ್ಲಿಂಗ್ ಸುತ್ತಿ ಬರುತ್ತವೆ. ಟಾಟಾ ಸುಮೋಗಳು ಹೆಟೌಡಾದಿಂದ ಬೆಟ್ಟ ಏರಿ, ದಕ್ಷಿಣಕಾಳಿಯ ಕಡೆಯಿಂದ ಇಳಿದು ಕಠ್ಮಂಡುವಿನ ಬಾಲ್ಖುವಿಗೆ ಬರುತ್ತವೆ. ಸಮಯ ಅರ್ಧ ಉಳಿಯುತ್ತದೆ ನಿಜ, ಆದರೆ ತಿರುವಿನ ಮೇಲೆ ತಿರುವು. ವಾಂತಿಯಾಗುವವರಿಗೆ, ಬೆನ್ನುನೋವಿನವರಿಗೆ ಆ ದಾರಿ ಬೇಡವೇ ಬೇಡ. ಇವೆರಡಕ್ಕಿಂತ ಜಾಣತನದ ದಾರಿ ಒಂದಿದೆ. ಗಡಿ ದಾಟಿದ ಮೇಲೆ ಭೈರಹವಾದಿಂದಲೋ, ಬೀರ್‌ಗಂಜ್ ಬಳಿಯ ಸಿಮರಾದಿಂದಲೋ ನೇಪಾಳದೊಳಗಿನ ವಿಮಾನ ಹಿಡಿಯುವುದು. ಸಿಮರಾದಿಂದ ಕಾಲು ಗಂಟೆ, ಇಪ್ಪತ್ತು ನಿಮಿಷದ ಹಾರಾಟ. ಭಾರತೀಯರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ದರ ಇರುತ್ತದೆ. ರೈಲಿನ ಉಳಿತಾಯವೂ ಆಯಿತು, ಬೆಟ್ಟದ ರಸ್ತೆಯೂ ತಪ್ಪಿತು.

ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ರಾತ್ರಿ ಬಸ್ಸನ್ನು ಯಾರಿಗೂ ಹೇಳಲಾರೆವು. ನಾರಾಯಣಗಢ ಮತ್ತು ಮುಗ್ಲಿಂಗ್ ನಡುವಿನ ರಸ್ತೆ ತ್ರಿಶೂಲಿ ನದಿಯ ಅಂಚಿನಲ್ಲೇ ಸಾಗುತ್ತದೆ, ಒಂದು ಪಕ್ಕ ಸಡಿಲ ಗುಡ್ಡ, ಇನ್ನೊಂದು ಪಕ್ಕ ನದಿ. 2024ರ ಜುಲೈ 12ರ ನಸುಕಿನಲ್ಲಿ ಇದೇ ರಸ್ತೆಯ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು ಎರಡು ಬಸ್ಸುಗಳು ನದಿಗೆ ಬಿದ್ದವು. ಅವುಗಳಲ್ಲಿ 60ಕ್ಕೂ ಹೆಚ್ಚು ಜನರಿದ್ದರು. ಅದೇ ವರ್ಷ ಸೆಪ್ಟೆಂಬರ್ ಕೊನೆಯ ವಾರದ ಮಳೆಗೆ ಕಣಿವೆಗೆ ಬರುವ ಮುಖ್ಯ ಹೆದ್ದಾರಿಗಳೆಲ್ಲ ಕೆಲವು ದಿನ ಕಡಿದುಹೋಗಿದ್ದವು. ಮಳೆಗಾಲದಲ್ಲಿ ಹೋಗಲೇಬೇಕಾದರೆ ವಿಮಾನ. ಅದೂ ಆಗದಿದ್ದರೆ ಬೆಳಿಗ್ಗೆ ಹೊರಟು ಬೆಳಕಿರುವಾಗಲೇ ಮುಟ್ಟುವ ಬಸ್ಸು.

ಪ್ರಶ್ನೆ: ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಟ್ಯಾಕ್ಸಿ, ದುಡ್ಡು, ಸಿಮ್ ಹೇಗೆ? ನಮ್ಮ 500ರ ನೋಟು ನಡೆಯುತ್ತದೆಯೇ?
— ಕುಂದಾಪುರದ ಓದುಗರು

ಉತ್ತರ: 100ರ ನೋಟುಗಳನ್ನು ಒಯ್ಯಿರಿ. ನೇಪಾಳ 2018ರ ಡಿಸೆಂಬರ್‌ನಲ್ಲಿ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನಿಯಮ ಸಡಿಲಿಸುವ ಕೆಲಸ ಈಚೆಗೆ ನಡೆದಿದ್ದರೂ ಅಂಗಡಿಯವರು, ಟ್ಯಾಕ್ಸಿಯವರು 500ರ ನೋಟು ಕಂಡರೆ ಹಿಂಜರಿಯುತ್ತಾರೆ. 100ರ ನೋಟಿಗೆ ಆ ಚಿಂತೆ ಇಲ್ಲ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ, ಆದ್ದರಿಂದ ಯಾರಾದರೂ 1.50 ಎಂದರೆ ಮುಂದಿನ ಕೌಂಟರಿಗೆ ಹೋಗಿ. ಯಾರೇ ಬೆಲೆ ಹೇಳಲಿ, “ಐಸಿಯೋ, ಎನ್‌ಸಿಯೋ?” ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಐಸಿ ಎಂದರೆ ಭಾರತದ ಹಣ, ಎನ್‌ಸಿ ಎಂದರೆ ನೇಪಾಳದ್ದು. ಅಲ್ಲಿನವರ ದಿನನಿತ್ಯದ ಮಾತೇ ಇದು. 800 ಎಂದದ್ದಕ್ಕೆ ನೀವು ನಮ್ಮ 800 ಕೊಟ್ಟರೆ ಅವರಿಗೆ 1,280 ಸಿಕ್ಕಂತಾಯಿತು.

2024ರ ಮಾರ್ಚ್‌ನಿಂದ ಭಾರತದ ಯುಪಿಐ ಆ್ಯಪ್‌ಗಳಿಂದ ನೇಪಾಳದ ಅಂಗಡಿಗಳ ಕ್ಯೂಆರ್‌ಗೆ ಹಣ ಕಟ್ಟುವ ವ್ಯವಸ್ಥೆ ಬಂದಿದೆ. ಅಲ್ಲಿನ ಕ್ಯೂಆರ್ ಜಾಲದ ಹೆಸರೂ ಫೋನ್‌ಪೇ. ನಮ್ಮಲ್ಲಿನ ಆ ಹೆಸರಿನ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ, ಈ ಸೌಲಭ್ಯವಿರುವ ಯಾವ ಯುಪಿಐ ಆ್ಯಪ್ ಆದರೂ ಆಗಬಹುದು. ಊರಲ್ಲಿರುವಾಗಲೇ ಆ್ಯಪ್‌ನಲ್ಲಿ ‘ಯುಪಿಐ ಇಂಟರ್‌ನ್ಯಾಷನಲ್’ ಚಾಲೂ ಮಾಡಿ, ಭಾರತದ ಸಿಮ್ ಫೋನಿನಿಂದ ತೆಗೆಯಬೇಡಿ. ತೆಗೆದರೆ ಆ್ಯಪ್ ಮತ್ತೆ ನೋಂದಣಿ ಕೇಳಿ ಕೈಕೊಡಬಹುದು. ಎರಡನೇ ಸ್ಲಾಟಿಗೆ ಎನ್‌ಸೆಲ್ ಅಥವಾ ನೇಪಾಳ್ ಟೆಲಿಕಾಂ ಸಿಮ್ ಹಾಕಿ. ಗುರುತಿನ ಚೀಟಿಯ ನಕಲು, ಒಂದು ಫೋಟೊ ಕೈಯಲ್ಲಿರಲಿ.

ಟ್ಯಾಕ್ಸಿ: ಆಗಮನದ ಬಾಗಿಲಲ್ಲೇ ಪ್ರಿಪೇಯ್ಡ್ ಕೌಂಟರ್ ಇದೆ. ಪ್ರವಾಸಿಗರು ಹೆಚ್ಚಾಗಿ ಉಳಿಯುವ ಠಮೇಲ್ ಬಡಾವಣೆಗೆ ಐದಾರು ಕಿ.ಮೀ., ಸಾವಿರ ನೇಪಾಳಿ ರೂಪಾಯಿಯ ಆಸುಪಾಸು. ಲಗೇಜ್ ಕಡಿಮೆ ಇದ್ದವರು ನಿಲ್ದಾಣದ ಆವರಣ ದಾಟಿ ರಿಂಗ್ ರಸ್ತೆಗೆ ಇಳಿದು ಪಠಾವೊ ಅಥವಾ ಇನ್‌ಡ್ರೈವ್ ಆ್ಯಪ್‌ನಲ್ಲಿ ಕಾರು ಕರೆಸಿದರೆ ಕಡಿಮೆಗೆ ಆಗುತ್ತದೆ. ಗಡಿಯಾರವನ್ನು 15 ನಿಮಿಷ ಮುಂದಿಡಲು ಮರೆಯಬೇಡಿ. ಬರುವಾಗ ಅದರಿಂದ ಏನೂ ಕೆಡುವುದಿಲ್ಲ, ಹಿಂದಿರುಗುವ ದಿನ ಕೆಡಬಹುದು.

ಪ್ರಶ್ನೆ: ಮೊದಲ ಸಲ ಹೋಗುತ್ತಿದ್ದೇವೆ, ನಾಲ್ಕು ರಾತ್ರಿ. ಎಲ್ಲರೂ ಠಮೇಲ್ ಎನ್ನುತ್ತಾರೆ. ಅಲ್ಲೇ ಉಳಿಯಬೇಕೇ? ಕೋಣೆ ಆಯ್ಕೆ ಮಾಡುವಾಗ ಏನು ನೋಡಬೇಕು?
— ಬೆಂಗಳೂರಿನ ದಂಪತಿ

ಉತ್ತರ: ಬೆಳಗಿನ ಜಾವ ಎದ್ದು ಎಲ್ಲಿಗೆ ಹೋಗಬೇಕೆಂದಿದ್ದೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಹೋಟೆಲ್ ಹುಡುಕಿ. ಕಠ್ಮಂಡುವಿನಲ್ಲಿ ಬೆಳಿಗ್ಗೆ ಆರಕ್ಕೆ 15 ನಿಮಿಷದ ದಾರಿ ಸಂಜೆ ಐದಕ್ಕೆ ಒಂದು ಗಂಟೆಯಾಗುತ್ತದೆ. ನಗರದ ಚೆಲುವೆಲ್ಲ ಬೆಳಗಿನ ಹೊತ್ತಿನದು: ಗುಡಿಗಳಲ್ಲಿ ಪೂಜೆ, ಚೌಕಗಳಲ್ಲಿ ತರಕಾರಿ ಸಂತೆ, ಶಿಖರಗಳು ಕಾಣುವ ಆಕಾಶ. ಆ ಹೊತ್ತಿನಲ್ಲಿ ನಡೆದೇ ತಲುಪುವಂತಿದ್ದರೆ ಸರಿಯಾದ ಕಡೆ ಉಳಿದಿದ್ದೀರಿ ಎಂದರ್ಥ.

ಠಮೇಲ್‌ನಲ್ಲಿ ಎಲ್ಲವೂ ಕೈಗೆಟಕುತ್ತದೆ: ಹಣ ವಿನಿಮಯ, ಟ್ರೆಕಿಂಗ್ ಸಾಮಾನು, ಏಜೆನ್ಸಿಗಳು, ದೋಸೆ ಸಿಗುವ ಹೋಟೆಲುಗಳೂ ಕೂಡ. ಹಳೆಯ ಪೇಟೆಯ ಅಸನ್ ಚೌಕ, ಅಲ್ಲಿಂದ ದರ್ಬಾರ್ ಚೌಕ ನಡಿಗೆಯ ದೂರ. ಕೊರತೆ ಎಂದರೆ ಗದ್ದಲ. ಬಾರುಗಳ ಸಂಗೀತ ನಡುರಾತ್ರಿಯವರೆಗೂ ನಿಲ್ಲುವುದಿಲ್ಲ. ನಡು ಠಮೇಲ್ ಬಿಟ್ಟು ಅಂಚಿನ ಪಕ್ನಾಜೋಲ್, ಛೇತ್ರಪಾಟಿ, ಜ್ಯಾಠಾ ಬೀದಿಗಳಲ್ಲಿ ನೋಡಿ. ಹತ್ತು ನಿಮಿಷದ ನಡಿಗೆ, ನೆಮ್ಮದಿಯ ನಿದ್ದೆ. ಚೊಕ್ಕವಾದ ಡಬಲ್ ರೂಮ್ ನಮ್ಮ 1,500ರಿಂದ 3,000 ರೂಪಾಯಿಯೊಳಗೆ ಸಿಗುತ್ತದೆ.

ಪಾಟನ್ ಬಾಗ್‌ಮತಿ ನದಿಯ ದಕ್ಷಿಣಕ್ಕಿದೆ. ಕೆತ್ತನೆ, ಲೋಹದ ಮೂರ್ತಿ, ವಾಸ್ತುಶಿಲ್ಪದ ಆಸಕ್ತಿಯವರಿಗೆ ನಮ್ಮ ಮೊದಲ ಸಲಹೆ ಇದೇ. ದರ್ಬಾರ್ ಚೌಕದ ಸುತ್ತಮುತ್ತ ಹಳೆಯ ನೇವಾರಿ (ಕಣಿವೆಯ ಮೂಲ ಸಮುದಾಯದ) ಮನೆಗಳನ್ನು ದುರಸ್ತಿ ಮಾಡಿ ಅತಿಥಿಗೃಹ ಮಾಡಿದ್ದಾರೆ. ಇಟ್ಟಿಗೆಯ ಗೋಡೆ, ಮರದ ಕಿಟಕಿ, ಒಳಗೊಂದು ಅಂಗಳ. ನೋಡಲು ಬಹಳ ಸೊಗಸು. ಆದರೆ ಬಾಗಿಲ ಚೌಕಟ್ಟು ಎಷ್ಟು ತಗ್ಗೆಂದರೆ ಸಾಧಾರಣ ಎತ್ತರದವರೂ ತಲೆ ಬಗ್ಗಿಸಬೇಕು. ಮಹಡಿಗೆ ಹೋಗುವ ಮರದ ಮೆಟ್ಟಿಲು ಅಟ್ಟದ ಏಣಿಯಷ್ಟೇ ಕಡಿದು. ಒಂದು ಕೈಯಲ್ಲಿ ಸೂಟ್‌ಕೇಸ್ ಹಿಡಿದು ಹತ್ತಲಾಗದು. ಮೊಣಕಾಲು ನೋವಿನವರಿದ್ದರೆ ನೆಲ ಅಂತಸ್ತಿನ ಅಥವಾ ಮೊದಲ ಮಹಡಿಯ ಕೋಣೆ ಎಂದು ಬರೆದು ಒಪ್ಪಿಗೆ ಪಡೆಯಿರಿ.

ಭಕ್ತಪುರ 13 ಕಿ.ಮೀ. ಪೂರ್ವಕ್ಕಿದೆ. ದಿನದ ಪ್ರವಾಸಿಗರು ಸಂಜೆ ಐದಕ್ಕೆ ಹೊರಟುಹೋದ ಮೇಲೆ ಆ ಊರು ಊರಿನವರದ್ದಾಗುತ್ತದೆ. ಒಂದು ರಾತ್ರಿಯಾದರೂ ಅಲ್ಲಿ ಉಳಿಯಿರಿ. ಪ್ರವೇಶ ಟಿಕೆಟ್ಟನ್ನು ಒಂದೇ ಸಲ ಕೊಂಡು ಇಟ್ಟುಕೊಂಡರೆ ಆಯಿತು, ಒಂದು ವಾರ ನಡೆಯುತ್ತದೆ, ಕೌಂಟರಿನಲ್ಲಿ ಹೇಳಿದರೆ ಅದಕ್ಕಿಂತ ಹೆಚ್ಚು ದಿನಕ್ಕೂ ಬರೆದುಕೊಡುತ್ತಾರೆ. ಹಳೆಯ ಪೇಟೆಯೊಳಗೆ ಟ್ಯಾಕ್ಸಿ ಬರುವುದಿಲ್ಲ, ಇಟ್ಟಿಗೆ ಹಾಸಿನ ಮೇಲೆ ಚಕ್ರದ ಪೆಟ್ಟಿಗೆ ಎಳೆಯುವುದು ಕಷ್ಟ. ಬೆನ್ನಿಗೆ ಹಾಕುವ ಚೀಲ ಒಯ್ಯಿರಿ. ಅಲ್ಲಿಂದ ವಿಮಾನ ನಿಲ್ದಾಣ ಹತ್ತು ಕಿ.ಮೀ.ಯೊಳಗೆ ಇರುವುದರಿಂದ ಕೊನೆಯ ರಾತ್ರಿಗೆ ಹೇಳಿ ಮಾಡಿಸಿದ ಜಾಗ. ನಗರ ದಾಟುವ ಗೋಜೇ ಇಲ್ಲ.

ನಿಮ್ಮ ನಾಲ್ಕು ರಾತ್ರಿಗೆ: ಮೂರು ರಾತ್ರಿ ಠಮೇಲ್ ಅಂಚಿನಲ್ಲೋ ಪಾಟನ್‌ನಲ್ಲೋ, ಕೊನೆಯದು ಭಕ್ತಪುರದಲ್ಲಿ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಒಳಗೆ ಹೋಗುವುದಾದರೆ ಭಕ್ತಪುರದ ಬದಲು 2,175 ಮೀಟರ್ ಎತ್ತರದ ನಗರ್‌ಕೋಟ್‌ನಲ್ಲಿ ಒಂದು ರಾತ್ರಿ ಕಳೆದು ಸೂರ್ಯೋದಯ ನೋಡಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಕಣಿವೆಯಲ್ಲಿ ತುಂಬಿ ಶಿಖರ ಕಾಣದ ದಿನಗಳೇ ಹೆಚ್ಚು. ಆಗ ನಗರ್‌ಕೋಟ್‌ಗೆ ದುಡ್ಡು ಹಾಕಬೇಡಿ. ಆಸ್ತಮಾ ಇರುವವರು ಆ ತಿಂಗಳುಗಳಲ್ಲಿ ಎನ್95 ಮಾಸ್ಕ್ ಇಟ್ಟುಕೊಳ್ಳಲೇಬೇಕು.

ಕೋಣೆ ಗಟ್ಟಿ ಮಾಡುವ ಮೊದಲು ಹೋಟೆಲಿಗೆ ಸಂದೇಶ ಕಳಿಸಿ ಇಷ್ಟು ಕೇಳಿ. ಬೀದಿ ಕಡೆಯ ಕೋಣೆಯೋ, ಹಿಂಬದಿಯದೋ? ಲಿಫ್ಟ್ ಇದೆಯೇ, ಇದ್ದರೆ ಎಷ್ಟನೇ ಮಹಡಿಯವರೆಗೆ? ಹೇಳಿದ ದರದಲ್ಲಿ 13 ಪ್ರತಿಶತ ವ್ಯಾಟ್ ಸೇರಿದೆಯೇ, ಸೇವಾ ಶುಲ್ಕ ಬೇರೆ ಇದೆಯೇ? ಬಾಗಿಲವರೆಗೆ ಕಾರು ಬರುತ್ತದೆಯೇ? 7.8 ತೀವ್ರತೆಯ 2015ರ ಏಪ್ರಿಲ್ 25ರ ಭೂಕಂಪದ ನಂತರ ಕಟ್ಟಿದ ಅಥವಾ ಬಲಪಡಿಸಿದ ಕಟ್ಟಡವೇ ಎಂದೂ ಕೇಳಿ. ಅವರಿಗೆ ಇದು ಹೊಸ ಪ್ರಶ್ನೆಯಲ್ಲ, ಬೇಸರಿಸದೆ ಹೇಳುತ್ತಾರೆ. ಇಕ್ಕಟ್ಟಾದ ಗಲ್ಲಿಯಲ್ಲಿ ಒಂದಕ್ಕೊಂದು ಒರಗಿದಂತೆ ನಿಂತ ಆರೇಳು ಮಹಡಿಯ ತೆಳ್ಳನೆಯ ಕಟ್ಟಡಗಳನ್ನು ದರ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಹೋಟೆಲಿನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಯಾಕೆಂದರೆ ಅಲ್ಲಿ ವಿಳಾಸವೆಂದರೆ ಹತ್ತಿರದ ಚೌಕದ ಹೆಸರು. ಟ್ಯಾಕ್ಸಿಯವನು ಫೋನ್ ಮಾಡಿಯೇ ದಾರಿ ಕೇಳುತ್ತಾನೆ.

ಪ್ರಶ್ನೆ: ತಾಯಿಗೆ ಪಶುಪತಿನಾಥನ ದರ್ಶನವೇ ಮುಖ್ಯ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ದೇವಸ್ಥಾನದ ಹತ್ತಿರವೇ ಉಳಿಯಬಹುದೇ?
— ಉಡುಪಿಯ ಓದುಗರು

ಉತ್ತರ: ಉಳಿಯಬಹುದು, ಉಳಿಯಬೇಕು ಕೂಡ. ಗೌಶಾಲಾ ಚೌಕದ ಸುತ್ತ ಧರ್ಮಶಾಲೆಗಳು, ಸಾಧಾರಣ ಹೋಟೆಲುಗಳು, ಮಾರವಾಡಿ ಭೋಜನಾಲಯಗಳು ಇವೆ. ದೇವಸ್ಥಾನದ ಪಶ್ಚಿಮ ದ್ವಾರಕ್ಕೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಎಂದು ಮೊದಲೇ ಹೇಳಿದರೆ ಭೋಜನಾಲಯದವರು ಬೇರೆ ಮಾಡಿಕೊಡುತ್ತಾರೆ. ರಸ್ತೆ ಬದಿಯ ಮೊಮೊ ಅಂಗಡಿಗಳಲ್ಲಿ ತರಕಾರಿಯದೂ ಎಮ್ಮೆ ಮಾಂಸದ್ದೂ ಅನೇಕ ಕಡೆ ಒಂದೇ ಹಬೆಪಾತ್ರೆಯಲ್ಲಿ ಬೇಯುತ್ತವೆ, ಅದು ತಿಳಿದಿರಲಿ.

ಬೆಳಗಿನ ಜಾವವೇ ಹೋಗಿ. ಆಗ ಸಾಲು ಚಿಕ್ಕದು. ಚರ್ಮದ ಬೆಲ್ಟು, ಪರ್ಸು ಕೋಣೆಯಲ್ಲೇ ಬಿಡಿ, ಮುಖ್ಯ ಗುಡಿಯ ಪ್ರಾಂಗಣದಲ್ಲಿ ಫೋಟೊ ತೆಗೆಯುವಂತಿಲ್ಲ. ಲಿಂಗಕ್ಕೆ ನಾಲ್ಕು ದಿಕ್ಕಿಗೂ ಮುಖಗಳಿರುವುದರಿಂದ ಗರ್ಭಗುಡಿಗೆ ನಾಲ್ಕು ಬಾಗಿಲು. ಸುತ್ತು ಬಂದು ನಾಲ್ಕೂ ಕಡೆ ದರ್ಶನ ಮಾಡಬೇಕು. ಬೆಳಿಗ್ಗೆ ಬೇಗ ಹೋದರೆ ಎಲ್ಲ ಬಾಗಿಲೂ ತೆರೆದಿರುವುದಿಲ್ಲ. ನಾಲ್ಕೂ ತೆರೆಯುವುದು ಅಭಿಷೇಕದ ಹೊತ್ತಿನಲ್ಲಿ, ಒಂಬತ್ತೂವರೆಯ ನಂತರ. ಹತ್ತಿರ ಉಳಿದವರಿಗೆ ಎರಡು ಸಲ ಹೋಗಿಬರುವುದು ಸುಲಭ. ಒಳಗೆ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರೆಂಬುದು ನಿಮ್ಮ ತಾಯಿಗೆ ಸಂತೋಷ ತರುವ ಸಂಗತಿ. ದಕ್ಷಿಣದ ಭಟ್ಟರೇ ಗರ್ಭಗುಡಿಯ ಪೂಜೆ ನಡೆಸುವುದು ಅಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಸಂಜೆಯ ಆರತಿ ನಡೆಯುವುದು ಬಾಗ್‌ಮತಿಯ ಪೂರ್ವ ದಡದಲ್ಲಿ. ಸೇತುವೆ ದಾಟಿ ಕೆಲವು ಮೆಟ್ಟಿಲು ಇಳಿಯಬೇಕು, ಬೇಗ ಹೋದರೆ ಕೂರಲು ಜಾಗ ಸಿಗುತ್ತದೆ. ಎದುರಿಗೇ ಚಿತೆಗಳು ಉರಿಯುತ್ತಿರುತ್ತವೆ, ಮಕ್ಕಳಿಗೆ ಮೊದಲೇ ಹೇಳಿಡಿ.

ಸ್ವಲ್ಪ ಒಳ್ಳೆಯ ಕೋಣೆ ಬೇಕಿದ್ದರೆ ಎರಡು ಕಿ.ಮೀ. ಆಚೆಯ ಬೌದ್ಧನಾಥ ಸ್ತೂಪದ ಬಳಿ ನೋಡಿ. ಸ್ತೂಪದ ಸುತ್ತಿನೊಳಗೆ ವಾಹನವಿಲ್ಲ, ರಾತ್ರಿ ಒಂಬತ್ತಕ್ಕೆ ನಿಶ್ಶಬ್ದ, ಶಾಕಾಹಾರಿ ಊಟ ಧಾರಾಳ. ಶಿವರಾತ್ರಿಗೆ ಹೋಗುವವರು ಮಾತ್ರ ನಡೆದು ತಲುಪುವ ಕಡೆ ಬಿಟ್ಟು ಬೇರೆಲ್ಲೂ ಉಳಿಯಬಾರದು. ಅಂದು ಗೌಶಾಲಾ ಸುತ್ತ ವಾಹನ ಬಿಡುವುದಿಲ್ಲ, ಸಾಲು ಕಿಲೋಮೀಟರ್‌ಗಟ್ಟಲೆ ಇರುತ್ತದೆ.

ಪ್ರಶ್ನೆ: ಜನವರಿಯಲ್ಲಿ ಪುಟ್ಟ ಮಗುವಿನೊಂದಿಗೆ ಹೋಗುವುದು ಕ್ಷೇಮವೇ?
— ಮೈಸೂರಿನ ಓದುಗರು

ಉತ್ತರ: ಎತ್ತರದಿಂದ ತೊಂದರೆ ಇಲ್ಲ, ಇದು ಊಟಿಗಿಂತ ತಗ್ಗು. ಸಮಸ್ಯೆ ಬರುವುದು ಕೋಣೆಯಲ್ಲಿ. ಹಗಲು 18 ಡಿಗ್ರಿ ಇದ್ದರೂ ರಾತ್ರಿ 2–3ಕ್ಕೆ ಇಳಿಯುತ್ತದೆ, ಸಾಮಾನ್ಯ ಹೋಟೆಲುಗಳಲ್ಲಿ ಕೋಣೆ ಬಿಸಿ ಮಾಡುವ ವ್ಯವಸ್ಥೆ ಇರುವುದಿಲ್ಲ. ‘ಹೀಟಿಂಗ್ ಇದೆ’ ಎಂದರೆ ಬಿಸಿಗಾಳಿ ಕೊಡುವ ಎಸಿಯೋ, ಬಾಡಿಗೆಗೆ ಕೊಡುವ ಹೀಟರೋ ಕೇಳಿ. ಗ್ಯಾಸಿನ ಹೀಟರ್ ಆದರೆ ಬೇಡ ಎನ್ನಿ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ದಕ್ಷಿಣಕ್ಕೆ ಕಿಟಕಿ ಇರುವ ಕೋಣೆ ಕೇಳಿದರೆ ಹಗಲಿನ ಬಿಸಿಲು ಒಳಗೆ ಬಂದು ಸಂಜೆಯವರೆಗೆ ಬೆಚ್ಚಗಿರುತ್ತದೆ. ಹೊದೆಯಲು ‘ಸಿರಕ್’ ಎಂದು ಕೇಳಿ, ದಪ್ಪ ಹತ್ತಿಯ ಕೌದಿ ತಂದುಕೊಡುತ್ತಾರೆ. ಬಿಸಿನೀರು ಅನೇಕ ಕಡೆ ಸೋಲಾರ್‌ನದ್ದು. ರಾತ್ರಿಯಿಡೀ ತಣಿದು ಬೆಳಿಗ್ಗೆ ಆರಕ್ಕೆ ಉಗುರುಬೆಚ್ಚಗೂ ಇರುವುದಿಲ್ಲ, ಹಾಗಾಗಿ ಸ್ನಾನ ಮಧ್ಯಾಹ್ನ ಮೂರರ ನಂತರ ಮಾಡಿಸಿ, ಇಲ್ಲವೇ ಗೀಸರ್ ಇರುವ ಕೋಣೆ ಹಿಡಿಯಿರಿ. ನಲ್ಲಿ ನೀರನ್ನು ಹಲ್ಲುಜ್ಜಲೂ ಬಳಸಬೇಡಿ. ಮಗುವಿಗೆ ಕುದಿಸಿ ಆರಿಸಿದ ನೀರನ್ನು ಅಡುಗೆಮನೆಯಿಂದ ಕೇಳಿ ಫ್ಲಾಸ್ಕಿಗೆ ತುಂಬಿಸಿಕೊಳ್ಳಿ.

ಪ್ರಶ್ನೆ: ದಸರೆ ರಜೆಗೇ ಹೋಗಬೇಕು, ಬೇರೆ ಸಮಯವಿಲ್ಲ. ಅಲ್ಲಿಯೂ ದಸರೆ ಎಂದು ಕೇಳಿದ್ದೇವೆ.
— ಚಿತ್ರದುರ್ಗದ ಶಿಕ್ಷಕಿ

ಉತ್ತರ: ಹೌದು, ಅಲ್ಲಿ ಅದಕ್ಕೆ ದಶೈಂ ಎನ್ನುತ್ತಾರೆ. ನೇಪಾಳದ ಅತಿ ದೊಡ್ಡ ಹಬ್ಬ. ಸಪ್ತಮಿಗೆ ಮುಂಚಿನ ದಿನಗಳಲ್ಲಿ ನಗರದವರೆಲ್ಲ ಊರಿಗೆ ಹೊರಡುತ್ತಾರೆ. ಆಗ ಕಣಿವೆಯಿಂದ ಹೊರಹೋಗುವ ಬಸ್ಸಿಗೆ ಸೀಟಿಲ್ಲ, ಒಳಬರುವ ಬಸ್ಸು ಖಾಲಿ. ದಶಮಿ ಕಳೆದ ಮೇಲೆ ಇದು ತಿರುವುಮುರುವು. ಅಂದರೆ ಹಬ್ಬಕ್ಕೆ ಮೊದಲು ಒಳಗೆ ಬಂದು, ಹುಣ್ಣಿಮೆಯೊಳಗೆ ಹೊರಟರೆ ನೀವು ಜನರ ಎದುರು ದಿಕ್ಕಿನಲ್ಲಿ ಹಾಯಾಗಿ ಓಡಾಡಬಹುದು. ಅಷ್ಟಮಿಯಿಂದ ದಶಮಿವರೆಗೆ ಬಹುತೇಕ ಅಂಗಡಿ, ಸಣ್ಣ ಹೋಟೆಲು ಮುಚ್ಚಿರುತ್ತವೆ. ಊಟ ಸಿಗುವ ಹೋಟೆಲಿನಲ್ಲೇ ಕೋಣೆ ಹಿಡಿಯಿರಿ. ಅಷ್ಟಮಿ, ನವಮಿಗಳಂದು ಭಕ್ತಪುರವೂ ಸೇರಿದಂತೆ ಹಳೆಯ ಪೇಟೆಗಳ ದೇವಿ ಗುಡಿಗಳಲ್ಲಿ, ಬೀದಿಗಳಲ್ಲೂ ಪ್ರಾಣಿಬಲಿ ನಡೆಯುತ್ತದೆ. ಮಕ್ಕಳು ನೋಡುವುದು ಬೇಡವೆನಿಸಿದರೆ ಆ ಎರಡು ದಿನ ಬೌದ್ಧನಾಥ, ಸ್ವಯಂಭೂ ಸ್ತೂಪಗಳ ಕಡೆ ಹೋಗಿ. ಮಳೆ ತೊಳೆದ ಆಕಾಶ, ವಾಹನವಿಲ್ಲದ ರಸ್ತೆ, ಗಾಳಿಪಟ ಹಾರಿಸುವ ಮಕ್ಕಳು: ನಗರ ಇಷ್ಟು ಚೆಂದವಾಗಿ ಕಾಣುವುದು ವರ್ಷದಲ್ಲಿ ಆಗಲೇ.

ಪ್ರಶ್ನೆ: ನಮ್ಮ ಕಾರಿನಲ್ಲೇ ಹೋಗಬಹುದೇ?
— ಬೆಳಗಾವಿಯ ಓದುಗರು

ಉತ್ತರ: ಹೋಗಬಹುದು. ಆರ್‌ಸಿ, ಚಾಲನಾ ಪರವಾನಗಿ, ವಿಮೆಯ ಮೂಲ ಪ್ರತಿ ಇರಲಿ. ಗಡಿಯಲ್ಲಿ ‘ಭನ್ಸಾರ್’ ಎಂಬ ಸುಂಕದ ಚೀಟಿಯನ್ನು ದಿನದ ಲೆಕ್ಕದಲ್ಲಿ ಮಾಡಿಸಬೇಕು. ಒಂದೆರಡು ದಿನ ಹೆಚ್ಚಿಗೇ ಕಟ್ಟಿ. ರಸ್ತೆ ಮುಚ್ಚಿ ತಡವಾದರೆ ಅವಧಿ ಮೀರಿದ್ದಕ್ಕೆ ದಂಡ ತೆರಬೇಕಾಗುತ್ತದೆ. ಕಾರು ಬೇರೆಯವರ ಹೆಸರಿನಲ್ಲಿದ್ದರೆ ಒಪ್ಪಿಗೆ ಪತ್ರ ಬೇಕು. ನಗರದೊಳಗೆ ಕಾರು ಹೊರೆಯೇ. ಪಾರ್ಕಿಂಗ್ ಇರುವ ಹೋಟೆಲ್ ಹಿಡಿದು, ಅಲ್ಲಿ ನಿಲ್ಲಿಸಿ ಟ್ಯಾಕ್ಸಿಯಲ್ಲಿ ಸುತ್ತಿ.

ಪ್ರಶ್ನೆ: ಮುಕ್ತಿನಾಥಕ್ಕೆ ಹೋಗುವವರು ಕಠ್ಮಂಡುವಿನಲ್ಲಿ ಎಷ್ಟು ದಿನ ಇಟ್ಟುಕೊಳ್ಳಬೇಕು?
— ಕಲಬುರಗಿಯ ಓದುಗರು

ಉತ್ತರ: ಕಠ್ಮಂಡುವನ್ನು ಕೊನೆಗೆ ಇಟ್ಟುಕೊಳ್ಳಿ. ಪ್ಯಾಕೇಜಿನವರು ಮೊದಲು ಕಠ್ಮಂಡು ತೋರಿಸಿ, ಆಮೇಲೆ 200 ಕಿ.ಮೀ. ದೂರದ ಪೋಖರಾ, ಮುಕ್ತಿನಾಥ ಮುಗಿಸಿ, ಮತ್ತೆ ಕಠ್ಮಂಡುವಿಗೆ ಬಂದು ಮರುದಿನ ಬೆಳಿಗ್ಗೆಯೇ ವಿಮಾನ ಹತ್ತಿಸುವಂತೆ ಲೆಕ್ಕ ಹಾಕುತ್ತಾರೆ. ಇದರಲ್ಲಿ ಒಂದು ದಿನ ತಪ್ಪಿದರೆ ಊರಿಗೆ ಹೋಗುವ ವಿಮಾನವೇ ತಪ್ಪುತ್ತದೆ. ಮತ್ತು ಒಂದು ದಿನ ತಪ್ಪುವುದು ಅಪರೂಪವಲ್ಲ. ಪೋಖರಾದಿಂದ, ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮ್‌ಗೆ ಸಣ್ಣ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುತ್ತವೆ. ಬಿಸಿಲೇರಿದ ಮೇಲೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಎಷ್ಟು ಜೋರೆಂದರೆ ಇಳಿಯಲಾಗುವುದಿಲ್ಲ. ಬೆಳಿಗ್ಗೆಯೇ ಮೋಡವಿದ್ದರೆ ಆ ದಿನ ಹೋಯಿತು. ಆಗ ಜೀಪಿನಲ್ಲಿ ಏಳೆಂಟು ಗಂಟೆ.

ಸುನೌಲಿ ಕಡೆಯಿಂದ ಬರುವವರು ಭೈರಹವಾದಿಂದ ನೇರ ಪೋಖರಾಕ್ಕೆ ಹೋಗಿ. ವಿಮಾನದಲ್ಲಿ ಕಠ್ಮಂಡುವಿಗೆ ಬಂದವರು ಆ ರಾತ್ರಿ ನಿಲ್ದಾಣದ ಹತ್ತಿರ ಸಿನಾಮಂಗಲ್ ಅಥವಾ ಗೌಶಾಲಾದಲ್ಲಿ ಮಲಗಿ, ಮರುದಿನ ಪೋಖರಾ ವಿಮಾನ ಹಿಡಿಯಿರಿ. ದೇಶೀ ಟರ್ಮಿನಲ್ ಅಂತರರಾಷ್ಟ್ರೀಯ ಟರ್ಮಿನಲ್‌ನಿಂದ ನಡೆದು ಹೋಗುವಷ್ಟೇ ದೂರ. ಮುಕ್ತಿನಾಥ 3,710 ಮೀಟರ್ ಎತ್ತರದಲ್ಲಿದೆ. 820 ಮೀಟರಿನ ಪೋಖರಾದಿಂದ ಒಂದೇ ದಿನದಲ್ಲಿ ಏರಿ ದರ್ಶನ ಮಾಡಿ ಇಳಿಯುವ ಆತುರದಲ್ಲಿ ಹಿರಿಯರಿಗೆ ಉಸಿರು ಕಟ್ಟುತ್ತದೆ, ತಲೆನೋವು ಬರುತ್ತದೆ. 2,700 ಮೀಟರಿನ ಜೋಮ್‌ಸೋಮ್ ಅಥವಾ ಅದರ ಹತ್ತಿರದ ಮಾರ್ಫಾದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಜೀಪಿನಲ್ಲಿ ಮೇಲೆ ಹೋಗಿ. ಜೀಪು ನಿಲ್ಲುವ ರಾಣಿಪೌವಾದಿಂದ ಗುಡಿಗೆ ಅರ್ಧ ಗಂಟೆಯ ಏರು, ನಡೆಯಲಾಗದವರಿಗೆ ಕುದುರೆ ಸಿಗುತ್ತದೆ. 108 ಧಾರೆಗಳ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಹೃದಯದ ತೊಂದರೆ ಇರುವವರು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿಯನ್ನು ಪೋಖರಾದಲ್ಲೇ ಮಾಡಿಸಿಕೊಳ್ಳಬಹುದು. ಸಾರ್ಕ್ ದೇಶದವರಿಗೆ ಕಡಿಮೆ ದರ, ಎರಡು ಫೋಟೊ ಇಟ್ಟುಕೊಳ್ಳಿ.

ಕೆಳಗಿಳಿದ ಮೇಲೆ ಕಠ್ಮಂಡುವಿಗೆ ಮೂರು ರಾತ್ರಿ. ಎರಡು ನೋಡುವುದಕ್ಕೆ, ಒಂದು ಕೈಯಲ್ಲಿ ಮಿಗಿಸಿಕೊಳ್ಳುವುದಕ್ಕೆ. ಆ ಮಿಗಿಸಿದ ದಿನ ಮಳೆಗೆ, ಮಂಜಿಗೆ ಮಾತ್ರವಲ್ಲ. 2025ರ ಸೆಪ್ಟೆಂಬರ್ 9ರಂದು ಪ್ರತಿಭಟನೆಗಳ ನಡುವೆ ವಿಮಾನ ನಿಲ್ದಾಣವೇ ಮುಚ್ಚಿ, ಮರುದಿನ ಸಂಜೆ ತೆರೆಯಿತು. ಈ ಮೂರು ರಾತ್ರಿಯ ಕೋಣೆಯನ್ನು ಹಿಂದಿನ ದಿನದವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಷರತ್ತಿನಲ್ಲೇ ಹಿಡಿಯಿರಿ. ಮೇಲೆ ತಡವಾದರೆ ಜೋಮ್‌ಸೋಮ್‌ನಿಂದಲೇ ಫೋನ್ ಮಾಡಿ ಒಂದು ರಾತ್ರಿ ಬಿಟ್ಟುಬಿಡಬಹುದು.